ನಲವತ್ತಮೂರನೆಯ ವಯಸ್ಸಿಗೆ ಕೈಹಿಡಿದ ಪೇಟಿ

ಸೋದರಿಯರೇ, ನಲವತ್ತು ದಾಟಿದ ಮೇಲೆ ಹೊಸದೇನಾದರೂ ಕಲಿಯಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೇ? ಜನ ನಕ್ಕಾರೆಂದು ಸುಮ್ಮನಾಗಿದ್ದೀರಾ? ಹಾಗಾದರೆ ಈ ನಾಲ್ಕು ಮಾತು ನಿಮಗಾಗಿಯೇ.

ನಾನು ಚಿಕ್ಕವಳಿದ್ದಾಗ ಅಣ್ಣನಿಗೆ ಹಾರ್ಮೋನಿಯಂ ಕಲಿಸಲು ಮಾಸ್ತರರು ಮನೆಗೆ ಬರುತ್ತಿದ್ದರು. ನಮ್ಮ ಕಡೆ ಅದನ್ನು ಪೇಟಿ ಅನ್ನುತ್ತೇವೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಅಣ್ಣ ಬೇಸತ್ತು ಬಿಟ್ಟ, ನನ್ನ ಆಸೆ ಬಿಡಲಿಲ್ಲ. "ಹೆಣ್ಣುಮಗಳಿಗೆ ಹಾಡು ಬಂದ್ರ ಸಾಕು, ಪೇಟಿ ಯಾಕ?" ಎಂದರು ಅಪ್ಪ. ಎಸ್ಸೆಸ್ಸೆಲ್ಸಿ ಮುಗಿಯಿತು, ಮದುವೆಯಾಯಿತು, ಮಕ್ಕಳಾದವು.

ಹೋದ ವರ್ಷ ಬೆಂಡೋಲೆ ಮಾಡಿಸಿಕೊಳ್ಳಲೆಂದು ಹಾಕಿದ್ದ ಚೀಟಿಯ ಹಣ ಬಂತು. ಅದೇ ವಾರ ಒಂದು ಹಳೆಯ ಪೇಟಿ ಮಾರಾಟಕ್ಕಿದೆ ಎಂದು ಗೊತ್ತಾಯಿತು. ನಮ್ಮ ಯಜಮಾನರು, "ಈ ವಯಸ್ಸಿನಾಗ ಕಲ್ತು ಯಾವ ನಾಟಕ ಕಂಪನಿಗೆ ಹೋಗಾಕಿ?" ಎಂದು ನಕ್ಕರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅತ್ತೆಯವರೇ ಹೇಳಿದರು: "ಬೆಂಡೋಲಿ ವರ್ಷಕ್ಕ ಎರಡು ಮದಿವಿಗೆ. ಪೇಟಿ ದಿನಾ ಮನ್ಯಾಗಿರತದ. ತಗೋಳವ್ವಾ."

ಈ ಪೇಟಿಯ ಕಥೆಯೂ ಸ್ವಾರಸ್ಯವಾಗಿದೆ. 1840ರಲ್ಲಿ ಪ್ಯಾರಿಸ್ಸಿನ ದೆಬೆಂ ಎಂಬುವರು ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. ಅದನ್ನು ಕಾಲಿನಿಂದ ತುಳಿದು ನುಡಿಸಬೇಕಿತ್ತು. ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವಂತೆ ಮಾಡಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ದೊಡ್ಡದು. ಇದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲವೆಂಬ ಆಕ್ಷೇಪವಿತ್ತು. 1940ರಲ್ಲಿ ರೇಡಿಯೋದವರು ಇದನ್ನು ನಿಷೇಧಿಸಿದರು, ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷ ಹೊರಗಿದ್ದ ವಾದ್ಯವೇ ಒಳಗೆ ಬಂತೆಂದರೆ, ನಮಗೆ ತಡವಾಯಿತೆಂಬ ಸಂಕೋಚವೇಕೆ?

ದಿನಾ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅರ್ಧ ಗಂಟೆ ನನ್ನದು. ವಾರಕ್ಕೆರಡು ದಿನ ವಯಸ್ಸಾದ ಮಾಸ್ತರರೊಬ್ಬರ ಪಾಠ. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡರೆ ಸಾಲಾಗಿ ಏಳು ಬಿಳಿ ಪಟ್ಟಿಗಳಲ್ಲೇ ಏಳು ಶುದ್ಧ ಸ್ವರಗಳು ಸಿಗುತ್ತವೆ. ಮೊದಲ ತಿಂಗಳು ಅಷ್ಟೇ. ಆಮೇಲೆ ಭೂಪ್ ರಾಗ: ಮ, ನಿ ಬಿಟ್ಟು ಸ ರಿ ಗ ಪ ಧ, ಐದೇ ಸ್ವರ. ಕರ್ನಾಟಕ ಸಂಗೀತದ ಮೋಹನಕ್ಕೂ ಇವೇ ಸ್ವರಗಳು.

ಸುಲಭವೇನೂ ಆಗಲಿಲ್ಲ. ರೊಟ್ಟಿ ಬಡಿದ ಕೈಗೆ ಐದೂ ಬೆರಳು ಒಟ್ಟಿಗೇ ಏಳುವ ಅಭ್ಯಾಸ. ಉಂಗುರದ ಬೆರಳಂತೂ ಹೇಳಿದ ಮಾತು ಕೇಳಲೇ ಇಲ್ಲ. ಮಣಿಕಟ್ಟು ನೋಯತೊಡಗಿತು. "ಒತ್ತಬ್ಯಾಡ ತಂಗಿ, ಮುಟ್ಟು ಸಾಕು. ದನಿ ಬರೂದು ಗಾಳಿಯಿಂದ" ಎಂದರು ಮಾಸ್ತರರು. ಬಿಗಿ ಬಿಟ್ಟ ಮೇಲೆ ನೋವೂ ಹೋಯಿತು.

ಕೊಳ್ಳುವವರಿಗೆ ಒಂದೆರಡು ಕಿವಿಮಾತು. ಹಳೆಯ ಪೇಟಿಯಾದರೆ ಪ್ರತಿಯೊಂದು ಪಟ್ಟಿಯನ್ನೂ ಒತ್ತಿ ನೋಡಿ. ಗಾಳಿ ತುಂಬಿ ಪಟ್ಟಿ ಮುಟ್ಟದೆ ಬಿಟ್ಟಾಗ ತಿದಿ ಬೇಗನೆ ಕುಸಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ತೇವದ ಗೋಡೆಯಿಂದ ದೂರವಿಡಿ, ಇಲಿ ಬಾರದಂತೆ ನೋಡಿಕೊಳ್ಳಿ.

ಈ ನವರಾತ್ರಿಯಲ್ಲಿ ಗುಡಿಯ ಭಜನೆಗೆ ನಾನೇ ಪೇಟಿ ಹಿಡಿದೆ. ಕೈ ನಡುಗಿತು, ಎರಡನೆಯ ನುಡಿಯಲ್ಲಿ ತಪ್ಪಿದೆ. ಹೆಂಗಸರು ಹಾಡು ನಿಲ್ಲಿಸಲಿಲ್ಲ. ಬೆರಳೆತ್ತಿ, ಒಂದು ಸಾಲು ಬಿಟ್ಟು ಮತ್ತೆ ಸೇರಿಕೊಂಡೆ. ಹಿಂದೆ ಕೂತಿದ್ದ ಯಜಮಾನರು ದಾರಿಯುದ್ದಕ್ಕೂ ಏನೂ ಹೇಳಲಿಲ್ಲ. ಮನೆಗೆ ಬಂದು ಪೇಟಿಯನ್ನು ತಾವೇ ಒಳಗಿಟ್ಟು, "ನಾಳೆನೂ ಭಜನಿ ಅದ ಅಲ್ಲಾ? ಊಟ ಲಗೂ ಮುಗಸೂಣು" ಎಂದರು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಪೆಟ್ಟಿಗೆ ಇದ್ದರೆ ಇವತ್ತೇ ಇಳಿಸಿ, ಧೂಳು ಒರೆಸಿ. ಬೆಂಡೋಲೆಗೆಂದು ನಾನು ಮತ್ತೊಂದು ಚೀಟಿ ಹಾಕಿದ್ದೇನೆ.