ಆಣೆಯ ಮಾತು ಮತ್ತು ಕ್ರಿಯಾಪದದ ಕಾಲ

ಬಾಗಲೂರು, ಯಲಹಂಕ ಪರಿಸರದ ಆಡುಮಾತಿನಲ್ಲಿ ಒಬ್ಬನು ತನ್ನ ಮೇಲಿನ ಆರೋಪವನ್ನು ಅಲ್ಲಗಳೆಯುವಾಗ ‘ದೇವ್ರಾಣೆಗೂ ನಾನ್ ತಗೊಂಡಿಲ್ಲ’ ಎನ್ನುತ್ತಾನೆ. ಮಾತು ಕೊಡುವಾಗ ‘ದೇವ್ರಾಣೆಗೂ ಬರ್ತೀನಿ’ ಎನ್ನುತ್ತಾನೆ. ಮೊದಲನೆಯದು ಆಗಿಹೋದುದರ ಸತ್ಯವನ್ನೂ ಎರಡನೆಯದು ಆಗಬೇಕಾದುದರ ಹೊಣೆಯನ್ನೂ ಕುರಿತದ್ದು. ಎರಡರಲ್ಲಿಯೂ ಆಣೆಯಿಡುವ ಕ್ರಿಯೆಯನ್ನು ಸೂಚಿಸುವ ಕ್ರಿಯಾಪದವೇ ಇಲ್ಲವೆಂಬುದು ಗಮನಾರ್ಹ. ಈ ಭಾಗದಲ್ಲಿ ಕನ್ನಡದೊಡನೆ ಕೇಳಿಬರುವ ತೆಲುಗಿನ ‘ಒಟ್ಟು’ ಕೂಡ ಹೀಗೆಯೇ ಬರಿಯ ನಾಮಪದವಾಗಿ ನಿಲ್ಲಬಲ್ಲದು.

‘ಆಣೆ’ಯು ಸಂಸ್ಕೃತದ ‘ಆಜ್ಞಾ’ ಶಬ್ದದ ತದ್ಭವ. ಅಪ್ಪಣೆಯ ಅರ್ಥವು ಇನ್ನೂ ಪೂರ್ತಿ ಅಳಿದಿಲ್ಲ. ‘ನನ್ನಾಣೆ, ಹೋಗಬೇಡ’ ಎಂಬಲ್ಲಿ ಅದು ಕೇಳುವವನನ್ನೇ ಕಟ್ಟಿಹಾಕುತ್ತದೆ. ‘ಶಪಥ’ದ ದಾರಿ ಬೇರೆ. ‘ಶಾಪ’ಕ್ಕೂ ಅದಕ್ಕೂ ಧಾತು ಒಂದೇ ಆದುದರಿಂದ, ಶಪಥ ಮಾಡುವವನು ತಪ್ಪಿದರೆ ತನಗೇ ತಗಲುವ ಶಾಪವನ್ನು ಮುಂಗಡವಾಗಿ ನುಡಿಯುತ್ತಾನೆನ್ನಬಹುದು. ಸ್ಪಾನಿಷಿನ ‘ಹುರಾರ್’ ಲ್ಯಾಟಿನ್ ಮೂಲದಲ್ಲಿ ನ್ಯಾಯ, ಕಾನೂನುಗಳನ್ನು ಸೂಚಿಸುವ ಶಬ್ದಕ್ಕೆ ಸಂಬಂಧಿಸಿದ್ದು. ಅಪ್ಪಣೆ, ಶಾಪ, ಕಾನೂನು: ಮೂರು ಭಾಷೆಗಳು ಒಂದೇ ಕ್ರಿಯೆಯನ್ನು ಮೂರು ಕಡೆಯಿಂದ ಹಿಡಿದಿವೆ.

ತೊಡಕಿರುವುದು ಕಾಲದಲ್ಲಿ. ಸ್ಪಾನಿಷಿನಲ್ಲಿ ‘ಹುರೊ’ ಎಂದರೆ ಆಣೆಯಿಟ್ಟಂತೆಯೇ ಆಯಿತು. ‘ಹುರಾರೆ’ ಎಂದರೆ ಆಣೆ ಇನ್ನೂ ಆಗಿಲ್ಲ, ಮುಂದೆ ಇಡುವೆನೆಂಬ ಮಾತಷ್ಟೆ. ಈ ಭವಿಷ್ಯದ್ರೂಪವು ಭಾವರೂಪಕ್ಕೆ ‘ಉಂಟು’ ಎಂಬರ್ಥದ ಸಹಾಯಕ ಕ್ರಿಯೆ ಸೇರಿ ಆದುದು. ‘ಆಣೆಯಿಡುವುದುಂಟು’ ಎಂಬ ರಚನೆಯನ್ನು ನೆನಪಿಸುತ್ತದೆ. ನುಡಿಯುವುದೇ ಮಾಡುವುದಾಗುವ ಇಂತಹ ಕ್ರಿಯಾಪದಗಳನ್ನು ಜೆ.ಎಲ್. ಆಸ್ಟಿನ್ ವಿವೇಚಿಸಿದ ಉಪನ್ಯಾಸಗಳು 1962ರಲ್ಲಿ ಪ್ರಕಟವಾದವು. ಉತ್ತಮ ಪುರುಷ ವರ್ತಮಾನವೇ ಅವುಗಳ ಪ್ರಧಾನ ರೂಪ.

ಹೊಸಗನ್ನಡದ ‘ಪ್ರಮಾಣ ಮಾಡುತ್ತೇನೆ’ ಈ ಎರಡನ್ನೂ ಹೇಳಬಲ್ಲದು. ವಿಧಾನಸೌಧದ ವೇದಿಕೆಯಲ್ಲಿ ಅದು ಪ್ರಮಾಣವೇ; ಜಗಳದಲ್ಲಿ ‘ಬೇಕಾದರೆ ಗುಡಿಗೆ ಬಂದು ಪ್ರಮಾಣ ಮಾಡುತ್ತೇನೆ’ ಎಂದರೆ ಬರಿಯ ಸವಾಲು. ಕೇಶಿರಾಜನು ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂದು ಬೇರೆ ಬೇರೆ ಪ್ರತ್ಯಯಗಳನ್ನು ಹೇಳಿರುವುದರಿಂದ ಹಳಗನ್ನಡದಲ್ಲಿ ಈ ಸಂದಿಗ್ಧತೆಯನ್ನು ತಪ್ಪಿಸಲು ಅವಕಾಶವಿತ್ತು. ‘ದಪ’ ಬಿದ್ದುಹೋದ ಮೇಲೆ ‘-ಉತ್ತೇನೆ’ ರೂಪವು ಎರಡು ಹೊರೆಗಳನ್ನೂ ಹೊತ್ತಿದೆ. ಆಡುಮಾತು ಕ್ರಿಯಾಪದವನ್ನೇ ಕೈಬಿಟ್ಟು ‘ದೇವರಾಣೆ’ ಎಂದು ನಿಲ್ಲಿಸುವುದರಿಂದ ಅಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಇದನ್ನು ಗ್ರಾಮ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಅನುವಾದಕನು ‘ಹುರೊ’ಗೆ ‘ಆಣೆ’ಯನ್ನೂ ‘ಹುರಾರೆ’ಗೆ ‘ಪ್ರಮಾಣ ಮಾಡುವೆನು’ ಎಂಬ ಗ್ರಾಂಥಿಕ ರೂಪವನ್ನೂ ಬಳಸಿದರೆ ಮೂಲದ ಭೇದ ಉಳಿಯುತ್ತದೆ. ಎರಡಕ್ಕೂ ‘ಪ್ರಮಾಣ ಮಾಡುತ್ತೇನೆ’ ಎಂದು ಬರೆದರೆ, ಆಣೆಯಿಟ್ಟವನಿಗೂ ಇಡುವೆನೆಂದವನಿಗೂ ವ್ಯತ್ಯಾಸ ಕಾಣದು.