ಮೂತ್ರಪಿಂಡರೋಗ ಮತ್ತು ಮಾಜಿ ಸೈನಿಕರ ವೈಕಲ್ಯವೇತನ: ಅಮೆರಿಕದ ಕಾನೂನಿನ ಒಂದು ಪರಾಮರ್ಶೆ

ಯುದ್ಧದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಸೈನಿಕನಿಗೆ ಅವನ ಗಾಯವೇ ಸಾಕ್ಷಿ. ಮೂತ್ರಪಿಂಡದ ರೋಗವು ಹಾಗಲ್ಲ. ಅದು ಬಹುಕಾಲ ಮೌನವಾಗಿ ಬೆಳೆಯುವಂಥದು. ಆ ಅಂಗದ ಕಾರ್ಯಶಕ್ತಿಯು ಅರ್ಧಕ್ಕಿಂತ ಹೆಚ್ಚು ಕುಂದಿದ ಮೇಲೂ ರೋಗಿಗೆ ನೋವಾಗಲಿ ಬಾವಾಗಲಿ ತೋರದಿರಬಹುದು. ಆದಕಾರಣ ಸೇವಾಕಾಲದ ವೈದ್ಯಕೀಯ ದಾಖಲೆಗಳಲ್ಲಿ ಅದರ ಸುಳಿವೇ ಇಲ್ಲದಿರುವುದು ಸಾಮಾನ್ಯ. ಸಾಕ್ಷ್ಯವನ್ನು ಬೇಡುವ ಕಾನೂನು, ಸಾಕ್ಷ್ಯವನ್ನು ಉಳಿಸದೆ ಬೆಳೆಯುವ ರೋಗಕ್ಕೆ ಹೇಗೆ ನ್ಯಾಯವನ್ನು ಒದಗಿಸಬಲ್ಲುದು? ಈ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಆ ದೇಶದಲ್ಲಿ ವೈಕಲ್ಯವೇತನವನ್ನು ಕೋರುವವನು ಸಾಮಾನ್ಯವಾಗಿ ಮೂರು ಅಂಶಗಳನ್ನು ಸ್ಥಾಪಿಸಬೇಕು. ಮೊದಲನೆಯದು, ಈಗ ರೋಗವಿದೆ ಎಂಬುದು. ಎರಡನೆಯದು, ಸೇವೆಯಲ್ಲಿದ್ದಾಗ ರೋಗವೋ ಗಾಯವೋ ಯಾವುದಾದರೊಂದು ಘಟನೆಯೋ ಸಂಭವಿಸಿತೆಂಬುದು. ಮೂರನೆಯದು, ಇವೆರಡರ ನಡುವೆ ಕಾರ್ಯಕಾರಣಸಂಬಂಧವಿದೆ ಎಂಬುದು. ಮೂತ್ರಪಿಂಡರೋಗಿಗೆ ಮೊದಲನೆಯದು ಸುಲಭ. ರಕ್ತಪರೀಕ್ಷೆಯೇ ಅದನ್ನು ಹೇಳುತ್ತದೆ. ಎಡರು ಇರುವುದು ಉಳಿದೆರಡರಲ್ಲಿ.

ಈ ಎಡರನ್ನು ಪರಿಹರಿಸಲು ಕಾನೂನು ಹಲವು ದಾರಿಗಳನ್ನು ತೆರೆದಿದೆ. ಮೂತ್ರಪಿಂಡದ ಉರಿಯೂತ, ಮೂತ್ರಪಿಂಡದ ಕಲ್ಲು, ಅಧಿಕ ರಕ್ತದೊತ್ತಡ ಇವುಗಳನ್ನು ದೀರ್ಘಕಾಲಿಕ ರೋಗಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಸೇವೆಯಿಂದ ಬಿಡುಗಡೆಯಾದ ಒಂದು ವರ್ಷದೊಳಗೆ ಇವು ವೇತನಾರ್ಹವಾದ ಮಟ್ಟದಲ್ಲಿ ಕಾಣಿಸಿಕೊಂಡರೆ, ಸೇವೆಯಲ್ಲಿಯೇ ಉಂಟಾದುವೆಂದು ಪೂರ್ವಭಾವನೆ ಮಾಡಲಾಗುತ್ತದೆ. ವರ್ಷವು ಕಳೆದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ರೋಗವು ಎಷ್ಟೇ ತಡವಾಗಿ ಪತ್ತೆಯಾದರೂ, ಅದರ ಮೂಲ ಸೇವೆಯಲ್ಲಿತ್ತೆಂದು ಸಮಗ್ರ ಸಾಕ್ಷ್ಯದಿಂದ ತೋರಿಸಲು ಅವಕಾಶವುಂಟು. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣದಿಂದ ಸೈನಿಕನ ಹೇಳಿಕೆಯನ್ನು ನಂಬಲರ್ಹವಲ್ಲವೆಂದು ತಳ್ಳಿಹಾಕಕೂಡದೆಂದು 2006ರ ಬುಕ್ಯಾನನ್ ಮೊಕದ್ದಮೆಯಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವು ತೀರ್ಮಾನಿಸಿತು.

ಆದರೆ ಮೂತ್ರಪಿಂಡರೋಗಿಗಳಿಗೆ ಹೆಚ್ಚು ಉಪಯುಕ್ತವಾದ ದಾರಿ ಇನ್ನೊಂದಿದೆ. ಅದನ್ನು ಆನುಷಂಗಿಕ ಸಂಬಂಧವೆನ್ನಬಹುದು. ಸೇವೆಯಿಂದ ಬಂದುದೆಂದು ಈಗಾಗಲೇ ಒಪ್ಪಿರುವ ಒಂದು ರೋಗವು ಮತ್ತೊಂದಕ್ಕೆ ಕಾರಣವಾದರೆ ಎರಡನೆಯದಕ್ಕೂ ವೇತನವುಂಟು. ಕಾರಣವಾಗದೆ, ಅದನ್ನು ಉಲ್ಬಣಗೊಳಿಸಿದ್ದರೂ ಸಾಕೆಂದು 1995ರ ಆಲೆನ್ ಮೊಕದ್ದಮೆಯಲ್ಲಿ ನಿರ್ಣಯವಾಯಿತು. ಆಗ ಹೆಚ್ಚಿದಷ್ಟು ಭಾಗಕ್ಕೆ ವೇತನ ಸಲ್ಲುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಸೈನಿಕನು 1968ರಲ್ಲಿ ವಿಯೆಟ್ನಾಮಿನಲ್ಲಿದ್ದನು. ಮೂವತ್ತು ವರ್ಷಗಳ ತರುವಾಯ ಅವನಿಗೆ ಮಧುಮೇಹ ಉಂಟಾಯಿತು. ಮತ್ತೆ ಹದಿನೈದು ವರ್ಷಗಳಿಗೆ ಮೂತ್ರಪಿಂಡಗಳು ಕೆಟ್ಟುವು. ಅವನ ಸೇವಾದಾಖಲೆಯಲ್ಲಿ ಮೂತ್ರಪಿಂಡದ ಮಾತೇ ಇಲ್ಲ. ಆದರೂ ಅವನ ಕೋರಿಕೆ ನಿರಾಧಾರವಲ್ಲ. 1962ರ ಜನವರಿ 9ರಿಂದ 1975ರ ಮೇ 7ರವರೆಗಿನ ಅವಧಿಯಲ್ಲಿ ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದವರು ‘ಏಜೆಂಟ್ ಆರೆಂಜ್’ ಮೊದಲಾದ ಸಸ್ಯನಾಶಕಗಳ ಸಂಪರ್ಕಕ್ಕೆ ಬಂದರೆಂದು ಕಾನೂನು ಭಾವಿಸುತ್ತದೆ. ಎರಡನೆಯ ಬಗೆಯ ಮಧುಮೇಹವನ್ನು 2001ರಲ್ಲಿ ಆ ಸಂಪರ್ಕದಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಲಾಯಿತು. ಆದುದರಿಂದ ಸೇವೆಗೂ ಮಧುಮೇಹಕ್ಕೂ ಇರುವ ಕೊಂಡಿಯನ್ನು ಕಾನೂನೇ ಬೆಸೆಯುತ್ತದೆ. ಮಧುಮೇಹಕ್ಕೂ ಮೂತ್ರಪಿಂಡಕ್ಕೂ ಇರುವ ಕೊಂಡಿಯನ್ನು ವೈದ್ಯನು ಬೆಸೆಯಬೇಕು.

2022ರ ಆಗಸ್ಟ್ 10ರಂದು ಜಾರಿಗೆ ಬಂದ ‘ಪ್ಯಾಕ್ಟ್’ ಶಾಸನವು ಅಧಿಕ ರಕ್ತದೊತ್ತಡವನ್ನೂ ಸಸ್ಯನಾಶಕಗಳ ಪಟ್ಟಿಗೆ ಸೇರಿಸಿತು. ರಕ್ತದೊತ್ತಡವು ಮೂತ್ರಪಿಂಡವನ್ನು ಕೆಡಿಸುವ ಮುಖ್ಯ ಕಾರಣಗಳಲ್ಲಿ ಒಂದಾದುದರಿಂದ ಇದು ಸಣ್ಣ ಮಾರ್ಪಾಡಲ್ಲ. ಮೂತ್ರಪಿಂಡದ ಕ್ಯಾನ್ಸರಿನ ವಿಷಯದಲ್ಲಿಯೂ ಪೂರ್ವಭಾವನೆಗಳಿವೆ. ಕ್ಯಾಂಪ್ ಲೆಜೂನ್ ಶಿಬಿರದಲ್ಲಿ ನೀರು ಕಲುಷಿತವಾಗಿದ್ದ ಕಾಲದಲ್ಲಿ, ಅಂದರೆ 1953ರ ಆಗಸ್ಟ್ ಮೊದಲುಗೊಂಡು 1987ರ ಡಿಸೆಂಬರ್ ಕೊನೆಯವರೆಗೆ, ಕನಿಷ್ಠ 30 ದಿನಗಳ ಸೇವೆ ಸಲ್ಲಿಸಿದವರಿಗೆ 2017ರಿಂದ ಈ ಸೌಕರ್ಯವಿದೆ.

ಪೂರ್ವಭಾವನೆ ಇಲ್ಲದೆಡೆ ಎಲ್ಲವೂ ವೈದ್ಯನ ಅಭಿಪ್ರಾಯವನ್ನು ಅವಲಂಬಿಸುತ್ತದೆ. ಸೇವೆಯಲ್ಲಿ ಉಂಟಾದ ಮೊಣಕಾಲು ನೋವಿಗೆ ವರ್ಷಾನುಗಟ್ಟಲೆ ನೋವುನಿವಾರಕ ಗುಳಿಗೆಗಳನ್ನು ಸೇವಿಸಿ ಮೂತ್ರಪಿಂಡ ಕೆಟ್ಟಿತೆಂದು ವಾದಿಸುವವನ ಸ್ಥಿತಿ ಇಂಥದು. ಅಭಿಪ್ರಾಯದ ತೂಕವಿರುವುದು ಅದರ ಹಿಂದಿನ ತರ್ಕದಲ್ಲಿ ಎಂಬುದು 2008ರ ನಿಯೆವಿಸ್-ರೋಡ್ರಿಗಸ್ ತೀರ್ಪಿನ ಸಾರ. ‘ಸಂಬಂಧವಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಸಾಲದು. ಕಾರಣವಾಯಿತೇ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸಿ, ಉಲ್ಬಣಗೊಳಿಸಿತೇ ಎಂಬುದನ್ನು ಬಿಟ್ಟ ವರದಿಯೂ ಅಪೂರ್ಣ. ಪರ ವಿರೋಧ ಸಾಕ್ಷ್ಯಗಳು ಬಹುಮಟ್ಟಿಗೆ ಸಮತೂಕವಾಗಿದ್ದರೆ ಸಂದೇಹದ ಲಾಭವು ಸೈನಿಕನಿಗೆ ಸಲ್ಲತಕ್ಕದ್ದೆಂಬುದು ಶಾಸನದ ವಿಧಿ.

ಸಂಬಂಧವು ಸ್ಥಾಪಿತವಾದ ಮೇಲೆ ವೈಕಲ್ಯದ ಪ್ರಮಾಣವನ್ನು ಗೊತ್ತುಪಡಿಸಬೇಕು. ಹಿಂದಿನ ನಿಯಮಗಳಲ್ಲಿ ‘ಕಾರ್ಯಶಕ್ತಿಯ ಸ್ಪಷ್ಟ ಇಳಿತ’ ಎಂಬಂಥ, ಓದುಗರು ತಮ್ಮ ತಮ್ಮಂತೆ ಅರ್ಥೈಸಬಹುದಾದ ಪದಗಳಿದ್ದುವು. 2021ರ ನವೆಂಬರ್ 14ರಿಂದ ಮೂತ್ರಪಿಂಡಗಳ ಶೋಧನಶಕ್ತಿಯ ಅಳತೆಯೇ ಮುಖ್ಯ ಆಧಾರವಾಗಿದೆ. ದೇಹದ ಮೇಲ್ಮೈಯ 1.73 ಚದರ ಮೀಟರಿಗೆ ನಿಮಿಷಕ್ಕೆ 45ರಿಂದ 59 ಮಿಲಿಲೀಟರ್ ಇದ್ದರೆ ನೂರಕ್ಕೆ 30. 30ರಿಂದ 44 ಇದ್ದರೆ 60. 15ರಿಂದ 29 ಇದ್ದರೆ 80. 15ಕ್ಕಿಂತ ಕಡಮೆಯಾದರೆ, ಇಲ್ಲವೆ ಕ್ರಮವಾಗಿ ಡಯಾಲಿಸಿಸ್ ಬೇಕಾದರೆ, ನೂರಕ್ಕೆ ನೂರು. ಈ ಅಳತೆಯು ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಎಡೆಬಿಡದೆ ಮೂರು ತಿಂಗಳಾದರೂ ಇದ್ದಿರಬೇಕು. ಆದಕಾರಣ ಒಂದು ಪರೀಕ್ಷೆಯ ವರದಿಯಿಂದ ಕೆಲಸ ಸಾಗದು. ಸಾಲಾಗಿ ಕೂಡಿಟ್ಟ ವರದಿಗಳು ಬೇಕು.

ಕೋರಿಕೆಯು ತಿರಸ್ಕೃತವಾದರೆ ಮುಂದೇನು? 1988ರವರೆಗೆ ಇಂಥ ತೀರ್ಮಾನಗಳನ್ನು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ; ವಕೀಲನಿಗೆ 10 ಡಾಲರಿಗಿಂತ ಹೆಚ್ಚು ಶುಲ್ಕವನ್ನು ಕೊಡುವಂತೆಯೂ ಇರಲಿಲ್ಲ. ಆ ವರ್ಷದ ಶಾಸನವು ಇದಕ್ಕಾಗಿಯೇ ಒಂದು ವಿಶೇಷ ನ್ಯಾಯಾಲಯವನ್ನು ಸ್ಥಾಪಿಸಿತು. 2017ರಲ್ಲಿ ಅಂಗೀಕೃತವಾಗಿ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸುಧಾರಣೆಯಂತೆ ಈಗ ಮೂರು ಮಾರ್ಗಗಳಿವೆ: ಹೊಸದೂ ಪ್ರಸ್ತುತವೂ ಆದ ಸಾಕ್ಷ್ಯದೊಡನೆ ಪೂರಕ ಕೋರಿಕೆಯನ್ನು ಸಲ್ಲಿಸುವುದು, ಇದ್ದ ದಾಖಲೆಯನ್ನೇ ಹಿರಿಯ ಅಧಿಕಾರಿಯು ಮತ್ತೆ ಪರಿಶೀಲಿಸಬೇಕೆಂದು ಕೇಳುವುದು, ಮೇಲ್ಮನವಿ ಮಂಡಲಿಯ ಮುಂದೆ ಹೋಗುವುದು. ಮಂಡಲಿಯ ತೀರ್ಪು ಒಪ್ಪಿಗೆಯಾಗದಿದ್ದರೆ 120 ದಿನಗಳೊಳಗೆ ನ್ಯಾಯಾಲಯವನ್ನು ಸೇರಬಹುದು. ವೈದ್ಯನ ಅಭಿಪ್ರಾಯವೇ ದುರ್ಬಲವಾಗಿದ್ದಲ್ಲಿ ಪೂರಕ ಕೋರಿಕೆಯು ಹೆಚ್ಚು ಫಲಕಾರಿ. ದಾಖಲೆ ಸರಿಯಾಗಿದ್ದು ಅಧಿಕಾರಿಯು ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದರೆ ಎರಡನೆಯ ಮಾರ್ಗ ಸಾಕಾಗಬಹುದು.

ಇಲ್ಲಿ ಕಾಲವು ಬಹು ಮುಖ್ಯ. ಒಂದು ವರ್ಷದೊಳಗೆ ಈ ಮಾರ್ಗಗಳಲ್ಲಿ ಒಂದನ್ನು ಹಿಡಿದು ಕೋರಿಕೆಯನ್ನು ಜೀವಂತವಾಗಿಟ್ಟರೆ, ಗೆದ್ದಾಗ ಬಾಕಿ ಹಣವನ್ನು ಮೂಲ ಅರ್ಜಿಯ ದಿನದಿಂದ ಲೆಕ್ಕಹಾಕಬಹುದು. ವರ್ಷವು ತಪ್ಪಿದರೆ ಆ ದಿನಾಂಕವು ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಬಳಿ ಕುಳಿತಿರಬೇಕಾದ ರೋಗಿಗೆ ಪತ್ರಗಳನ್ನು ಓದಿ ಗಡುವುಗಳನ್ನು ಎಣಿಸುವುದು ಸುಲಭವಲ್ಲ. ತೀರ್ಪು ಬರುವ ಮುನ್ನವೇ ಸಾಯುವವರೂ ಉಂಟು. ಅಂಥಲ್ಲಿ ಮೃತನ ಪತಿ ಅಥವಾ ಪತ್ನಿಯು ಒಂದು ವರ್ಷದೊಳಗೆ ಕೇಳಿಕೊಂಡರೆ ಅವನ ಸ್ಥಾನದಲ್ಲಿ ನಿಂತು ಮೊಕದ್ದಮೆಯನ್ನು ಮುಂದುವರಿಸಲು 2008ರ ಶಾಸನವು ಅನುಕೂಲ ಕಲ್ಪಿಸಿದೆ.

ನಮ್ಮ ದೇಶದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಸೇನೆಗೆ ಸೇರುವಾಗ ರೋಗವನ್ನು ದಾಖಲಿಸದಿದ್ದರೆ ಸೈನಿಕನು ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕೆಂದು, ಅಂದಿನ ನಿಯಮಗಳನ್ನು ವಿವರಿಸುತ್ತ, ಸರ್ವೋಚ್ಚ ನ್ಯಾಯಾಲಯವು 2013ರ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಎರಡು ದೇಶಗಳ ಅನುಭವದಿಂದಲೂ ತಿಳಿಯುವುದು ಒಂದೇ: ರೋಗವು ಮೌನವಾಗಿರುವಾಗ ಆ ಮೌನದ ಭಾರವನ್ನು ಯಾರು ಹೊರಬೇಕೆಂಬುದನ್ನು ಕಾನೂನೇ ನಿರ್ಧರಿಸಬೇಕಾಗುತ್ತದೆ. ಅದನ್ನು ಪೂರ್ತಿಯಾಗಿ ರೋಗಿಯ ಮೇಲೆ ಹೊರಿಸಿದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಪೂರ್ವಭಾವನೆಯೂ ಸಂದೇಹದ ಲಾಭವೂ ಅನುಗ್ರಹಗಳಲ್ಲ, ನ್ಯಾಯದ ಅಂಗಗಳೇ ಎಂಬುದು ನಮ್ಮ ಅಭಿಪ್ರಾಯ.