ಪಾಲುದಾರಿಕೆಯ ಲಾಭ ಹಂಚಿಕೆ ಮತ್ತು ಮಹಾವೀರಾಚಾರ್ಯರ ಗಣಿತ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಮಿಶ್ರಕ ವ್ಯವಹಾರ ಪ್ರಕರಣದಲ್ಲಿ ಬಡ್ಡಿ, ಚಿನ್ನದ ಮಿಶ್ರಣ ಹಾಗೂ ಪ್ರಮಾಣಾನುಸಾರ ಹಂಚಿಕೆಯ ಲೆಕ್ಕಗಳಿವೆ. ಈ ಹಂಚಿಕೆಗೆ ‘ಪ್ರಕ್ಷೇಪಕ’ವೆಂದು ಹೆಸರು.

ಉದಾಹರಣೆಗೆ, ಕೊಟ್ಟೂರಿನ ವರ್ತಕರೊಬ್ಬರು 3 ಲಕ್ಷ, ಹಡಗಲಿಯವರೊಬ್ಬರು 2 ಲಕ್ಷ ರೂ. ತೊಡಗಿಸಿ 50,000 ರೂ. ಲಾಭ ಗಳಿಸಿದರೆನ್ನೋಣ. ಪ್ರಕ್ಷೇಪಕದಂತೆ ಅವರ ಪಾಲು ಕ್ರಮವಾಗಿ 30,000 ಮತ್ತು 20,000 ರೂ. ಆದರೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 13ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಲಾಭ, ನಷ್ಟಗಳೆರಡೂ ಸಮಪಾಲು. ಆಗ ಕೊಟ್ಟೂರಿನವರಿಗೆ 5,000 ರೂ. ಕಡಿಮೆಯಾಗುತ್ತದೆ. ಆದುದರಿಂದ ಹಂಚಿಕೆಯ ಪ್ರಮಾಣವನ್ನು ಪಾಲುದಾರಿಕೆ ಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸತಕ್ಕದ್ದು.